ಜಕಾರ್ತದಲ್ಲಿ ಇಬ್ಬರು ಅಧ್ಯಾಪಕರು

ಜಕಾರ್ತವೆಂಬ ಹೆಸರು ಸಂಸ್ಕೃತದ ಪರಿಚಯವುಳ್ಳ ಕಿವಿಗೆ ಪರಕೀಯವೆನಿಸದು. 1527ರಲ್ಲಿ ಆ ರೇವುಪಟ್ಟಣವನ್ನು ಗೆದ್ದ ಫತಾಹಿಲ್ಲಾ ಅದನ್ನು ಜಯಕರ್ತವೆಂದು ಕರೆದನೆಂದು ಅಲ್ಲಿಯವರ ನಂಬಿಕೆ. 1619ರಲ್ಲಿ ಡಚ್ಚರು ಅದನ್ನು ಬತಾವಿಯವಾಗಿ ಮಾಡಿದರು. 1942ರಲ್ಲಿ ಅವರ ಆಳ್ವಿಕೆ ಮುರಿದುಬಿದ್ದ ಮೇಲೆ ಹಳೆಯ ಹೆಸರು ತುಸು ಸವೆದು ಹಿಂದಿರುಗಿತು. ಆ ದೇಶದ ಮೊದಲ ಅಧ್ಯಕ್ಷ ಸುಕರ್ಣೋ ಅವರ ಹೆಸರಿನ ಕಥೆಯೂ ಸ್ವಾರಸ್ಯವಾದದ್ದು. ಬಾಲ್ಯದಲ್ಲಿ ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದ ಮಗನಿಗೆ ತಂದೆ ಮೊದಲಿಟ್ಟ ಹೆಸರನ್ನು ಬಿಡಿಸಿ ಮಹಾಭಾರತದ ಕರ್ಣನ ಹೆಸರನ್ನಿಟ್ಟರಂತೆ. ನಮ್ಮ ಪಂಪನಿಗೆ ಇದ್ದಂತೆಯೇ ಜಾವಾದ ತೊಗಲುಬೊಂಬೆಯಾಟದವರಿಗೂ ಕರ್ಣನ ಮೇಲೆ ಅಕ್ಕರೆ ಹೆಚ್ಚು. ತರಗತಿಯಲ್ಲಿ ಪಂಪಭಾರತವನ್ನು ಪಾಠ ಹೇಳುವಾಗ ಈ ಮಾತನ್ನು ನಾನು ಒಮ್ಮೆಯಾದರೂ ತರದೆ ಬಿಡುವುದಿಲ್ಲ.

ಇಷ್ಟೆಲ್ಲ ನಂಟುಳ್ಳ ಊರಿನಲ್ಲಿ 1962ರ ಸೆಪ್ಟೆಂಬರ್ 3ರಂದು ಜನರ ಗುಂಪೊಂದು ಭಾರತದ ರಾಯಭಾರ ಕಚೇರಿಯ ಮೇಲೆ ನುಗ್ಗಿತು. ಕಾರಣ ಗಡಿಯ ವ್ಯಾಜ್ಯವಲ್ಲ, ವ್ಯಾಪಾರದ ಜಗಳವೂ ಅಲ್ಲ, ಆಟ.

ಆ ವರ್ಷ ನಾಲ್ಕನೆಯ ಏಷ್ಯನ್ ಕ್ರೀಡಾಕೂಟ ಜಕಾರ್ತದ ಪಾಲಿಗೆ ಬಂದಿತ್ತು. ಸುಕರ್ಣೋ ಅದಕ್ಕಾಗಿ ಊರನ್ನೇ ಹೊಸದಾಗಿ ಕಟ್ಟಿಸಿದರೆಂದರೂ ಸಲ್ಲುತ್ತದೆ. ಸೆನಯಾನ್ ಎಂಬಲ್ಲಿದ್ದ ಹಳ್ಳಿಗರನ್ನು ತೆಬೆತ್ ಕಡೆಗೆ ಕಳುಹಿಸಿ, ಸೋವಿಯತ್ ದೇಶದಿಂದ 125 ಲಕ್ಷ ಡಾಲರ್ ಸಾಲ ತಂದು, 1960ರ ಫೆಬ್ರವರಿಯಲ್ಲಿ ಕೆಲಸ ಹಿಡಿಸಿ, 1962ರ ಜುಲೈನಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಕೂರಬಲ್ಲ ಕ್ರೀಡಾಂಗಣವನ್ನು ತೆರೆದರು. ಅತಿಥಿಗಳಿಗೆಂದು ಹೋಟೆಲ್ ಇಂಡೊನೇಷ್ಯ ಎದ್ದಿತು, ಅದರ ಮುಂದೆ ಸ್ವಾಗತ ಕೋರುವ ಜೋಡಿ ಪ್ರತಿಮೆ ನಿಂತಿತು. ಕೂಟ ಆರಂಭವಾದ ಆಗಸ್ಟ್ 24ರಂದೇ ಆ ದೇಶದಲ್ಲಿ ದೂರದರ್ಶನ ಪ್ರಸಾರವೂ ಮೊದಲಾಯಿತು. ಬಡ ದೇಶಕ್ಕೆ ಇಷ್ಟೊಂದು ಆಡಂಬರವೇಕೆಂದು ಕೇಳುವುದು ಸುಲಭ. ಮುನ್ನೂರು ವರ್ಷ ಪರರ ಉಗ್ರಾಣವಾಗಿದ್ದ ಊರೊಂದು ಮೊದಲ ಬಾರಿಗೆ ತಾನೇ ಮನೆಯೊಡತಿಯಾಗಿ ಬಾಗಿಲು ತೆರೆಯುವಾಗ ಕೈ ಬಿಗಿಹಿಡಿಯಬೇಕೆಂದು ಹೇಳಲು ನನಗಂತೂ ಬಾಯಿ ಬಾರದು.

ಈ ಮನೆಗೂ ದೆಹಲಿಗೂ ಇದ್ದ ಸಂಬಂಧ ಹಳೆಯದು. 1949ರ ಜನವರಿಯಲ್ಲಿ ಇಂಡೊನೇಷ್ಯದ ಸ್ವಾತಂತ್ರ್ಯಕ್ಕಾಗಿ ನೆಹರೂ ದೆಹಲಿಯಲ್ಲಿ ಹಲವು ದೇಶಗಳ ಸಮ್ಮೇಳನ ಕರೆದರು. ಮರು ತಿಂಗಳು ಅದೇ ದೆಹಲಿಯಲ್ಲಿ ಏಷ್ಯನ್ ಕ್ರೀಡಾ ಒಕ್ಕೂಟ ಹುಟ್ಟಿತು. 1950ರ ಜನವರಿ 26ರಂದು ನಮ್ಮ ಮೊದಲ ಗಣರಾಜ್ಯೋತ್ಸವದ ಮುಖ್ಯ ಅತಿಥಿ ಸುಕರ್ಣೋ. ಅಂದಿನ ಸೇನಾ ಪ್ರದರ್ಶನ ನಡೆದದ್ದು ದೆಹಲಿಯ ಇರ್ವಿನ್ ಕ್ರೀಡಾಂಗಣದಲ್ಲಿ. ಮರುವರ್ಷದ ಮಾರ್ಚಿಯಲ್ಲಿ ಮೊದಲ ಏಷ್ಯನ್ ಕೂಟ ನಡೆದದ್ದೂ ಆ ಬಯಲಿನಲ್ಲೇ.

ಆ ಒಕ್ಕೂಟವನ್ನು ಕಲ್ಪಿಸಿ ಕಟ್ಟಿದವರು ಗುರುದತ್ತ ಸೋಂಧಿ. ಲಾಹೋರಿನ ಗವರ್ನಮೆಂಟ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ನಮ್ಮ ವೃತ್ತಿಯವರು. ತಾವು ನೆಟ್ಟ ಗಿಡ ಸೆನಯಾನಿನಲ್ಲಿ ಹೂಬಿಡುವುದನ್ನು ನೋಡಲು ಅವರು ಜಕಾರ್ತಕ್ಕೆ ಬಂದಿದ್ದರು. ಬಂದು ನೋಡಿದರೆ ಇಸ್ರೇಲಿಗೂ ತೈವಾನಿಗೂ ಗುರುತಿನ ಚೀಟಿಗಳೇ ಹೋಗಿರಲಿಲ್ಲ. ಇಬ್ಬರೂ ಒಕ್ಕೂಟದ ಸದಸ್ಯರು, ಹಿಂದೆ ಮನಿಲಾದಲ್ಲಿ, ಟೋಕಿಯೋದಲ್ಲಿ ಆಡಿದ್ದವರು. ಆದರೆ ಅರಬ್ ದೇಶಗಳ ಸ್ನೇಹಕ್ಕೆ ಇಸ್ರೇಲ್ ಅಡ್ಡ. ಪೀಕಿಂಗಿನ ಸ್ನೇಹಕ್ಕೆ ತೈವಾನ್ ಅಡ್ಡ. ಸದಸ್ಯರನ್ನು ಹೊರಗಿಟ್ಟು ನಡೆಸುವ ಕೂಟಕ್ಕೆ ಏಷ್ಯನ್ ಕ್ರೀಡಾಕೂಟವೆಂಬ ಹೆಸರು ಸಲ್ಲದು, ಬೇಕಾದರೆ ಜಕಾರ್ತ ಕ್ರೀಡಾಕೂಟವೆನ್ನಿ ಎಂದು ಸೋಂಧಿ ಪಟ್ಟು ಹಿಡಿದರು.

ಮಾತು ಬೀದಿಗೆ ಬಿತ್ತು. ಗುಂಪು ರಾಯಭಾರ ಕಚೇರಿಗೆ ನುಗ್ಗಿತು, ಸೋಂಧಿಯವರನ್ನು ಹುಡುಕಿಕೊಂಡು ಹೋಟೆಲಿಗೂ ಹೋಯಿತು. ಏಷ್ಯನ್ ಕೂಟದ ಜನಕರು ಏಷ್ಯನ್ ಕೂಟ ಮುಗಿಯುವ ಮೊದಲೇ ಊರು ಬಿಡಬೇಕಾಯಿತು.

ಮರುದಿನ, ಸೆಪ್ಟೆಂಬರ್ 4ರಂದು, ಫುಟ್‌ಬಾಲ್ ಅಂತಿಮ ಪಂದ್ಯ. ಭಾರತಕ್ಕೆ ಎದುರಾಳಿ ದಕ್ಷಿಣ ಕೊರಿಯ. ಮೊದಲ ಸುತ್ತಿನಲ್ಲಿ ಇದೇ ಕೊರಿಯದವರು ನಮ್ಮನ್ನು 2-0ಯಿಂದ ಸೋಲಿಸಿದ್ದರು. ಸೋಂಧಿಯವರ ಮೇಲಿನ ಸಿಟ್ಟು ಈಗ ಹನ್ನೊಂದು ಮಂದಿ ಹುಡುಗರ ಮೇಲೆ ತಿರುಗಿತ್ತು. ಲಕ್ಷ ಜನರ ಕೂಗಾಟದಲ್ಲಿ ನಮ್ಮ ರಾಷ್ಟ್ರಗೀತೆ ಮುಳುಗಿಹೋಯಿತೆಂದು ಆಡಿದವರೇ ಮುಂದೆ ನೆನೆದಿದ್ದಾರೆ. ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರೂ ಶಾಲೆಯಲ್ಲಿ ಪಾಠ ಹೇಳಿ ಬಂದವರೇ. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗರನ್ನು ರಕ್ಷಣೆಯ ಸಾಲಿನಿಂದ ಎತ್ತಿ ಮುಂದಿನ ಸಾಲಿನಲ್ಲಿ ನಿಲ್ಲಿಸುವ ಧೈರ್ಯ ಅವರದು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. 20ನೆಯ ನಿಮಿಷದಲ್ಲಿ ಆ ಹೊಲಿಗೆ ಹಾಕಿದ ತಲೆಯ ಜರ್ನೈಲ್ ಸಿಂಗ್ ಇನ್ನೊಂದು. ಕೊನೆಯಲ್ಲಿ ಕೊರಿಯಕ್ಕೆ ಒಂದು ದಕ್ಕಿತು, 2-1. ಅಷ್ಟು ದೊಡ್ಡ ಬಯಲಿನಲ್ಲಿ ಭಾರತದ ಪರವಾಗಿ ಕೂಗಿದವರು ಹಾಕಿಯಲ್ಲಿ ನಮ್ಮನ್ನು ಸೋಲಿಸಿದ್ದ ಪಾಕಿಸ್ತಾನದ ಆಟಗಾರರಂತೆ! ಇದನ್ನು ಹೇಳಿದವರೂ ನಮ್ಮ ಆಟಗಾರರೇ. ಏಷ್ಯನ್ ಕೂಟದ ಫುಟ್‌ಬಾಲಿನಲ್ಲಿ ಭಾರತ ಆಮೇಲೆ ಚಿನ್ನ ಕಂಡಿಲ್ಲ. ರಹೀಮರು ಮರುವರ್ಷದ ಜೂನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

2024ರಲ್ಲಿ 'ಮೈದಾನ್' ಎಂಬ ಹಿಂದಿ ಚಿತ್ರ ಬಂದ ಮೇಲೆ ರಹೀಮರ ಹೆಸರು ಮತ್ತೆ ಜನರ ನಾಲಗೆಗೆ ಬಂತು. ಸೋಂಧಿಯವರಿಗೆ ಆ ಭಾಗ್ಯವಿಲ್ಲ. ಅತಿಥಿಯಾಗಿ ಹೋದವರು ಮನೆಯವರ ಪಂಕ್ತಿಯ ಲೆಕ್ಕ ತೆಗೆಯಬಹುದೇ ಎಂದು ಆಕ್ಷೇಪಿಸುವವರುಂಟು. ನನಗೆ ಆ ವಾದ ಒಪ್ಪಿಗೆಯಿಲ್ಲ. ಬಡಿಸುತ್ತಿದ್ದವರು ಜಕಾರ್ತದವರಾದರೂ ಪಂಕ್ತಿ ಒಕ್ಕೂಟದ್ದು. ಒಮ್ಮೆ ಒಬ್ಬನನ್ನು ಎಬ್ಬಿಸಿದರೆ ನಾಳೆ ಎಬ್ಬಿಸಬೇಕಾದವನು ಯಾರೆಂಬುದನ್ನು ಪರದೇಶ ಖಾತೆಯ ಗುಮಾಸ್ತ ತೀರ್ಮಾನಿಸುತ್ತಾನೆ. ಸೋಂಧಿಯವರ ಮಾತಿಗೆ ಬೆಲೆ ತೆತ್ತವರು ಮಾತ್ರ ಆಟಗಾರರು, ಅದನ್ನು ಮರೆಯುವಂತಿಲ್ಲ.

1963ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಂಡೊನೇಷ್ಯವನ್ನು ಅಮಾನತಿನಲ್ಲಿಟ್ಟಿತು. ಸುಕರ್ಣೋ ಬಗ್ಗಲಿಲ್ಲ. ಆಟವನ್ನು ರಾಜಕೀಯದಿಂದ ಬೇರೆ ಮಾಡಲಾಗದೆಂದು ಬಹಿರಂಗವಾಗಿಯೇ ಸಾರಿ, ಅದೇ ನವೆಂಬರಿನಲ್ಲಿ ಗನೆಫೋ ಎಂಬ ಹೆಸರಿನ, ಹೊಸದಾಗಿ ತಲೆಯೆತ್ತುತ್ತಿರುವ ಶಕ್ತಿಗಳ ಕೂಟವೊಂದನ್ನು ಸೆನಯಾನಿನಲ್ಲೇ ನಡೆಸಿದರು. ಮುಚ್ಚುಮರೆಯಿಲ್ಲದ ಆ ಮಾತಿನಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿತ್ತೆಂದು ಒಪ್ಪಬೇಕು. ಅವರ ಅಧಿಕಾರದೊಂದಿಗೆ ಗನೆಫೋ ಕೂಡ ಕರಗಿತು.

ಕ್ರೀಡಾಂಗಣ ಉಳಿದಿದೆ. 2018ರಲ್ಲಿ ಏಷ್ಯನ್ ಕೂಟ ಐವತ್ತಾರು ವರ್ಷಗಳ ಮೇಲೆ ಮತ್ತೆ ಅಲ್ಲಿಗೆ ಬಂದಾಗ ಉತ್ತರ, ದಕ್ಷಿಣ ಕೊರಿಯಗಳ ಆಟಗಾರರು ಒಂದೇ ಬಾವುಟದ ಹಿಂದೆ ನಡೆದುಬಂದರು. 2025ರ ಅಕ್ಟೋಬರಿನಲ್ಲಿ ಅದೇ ಸೆನಯಾನ್ ಆವರಣದ ಹೊಸ ಸಭಾಂಗಣದಲ್ಲಿ ವಿಶ್ವ ಜಿಮ್ನಾಸ್ಟಿಕ್ಸ್ ಸ್ಪರ್ಧೆ ಏರ್ಪಟ್ಟಿತು. ಗಾಜಾದ ಯುದ್ಧದಿಂದ ನೊಂದು ಕೆರಳಿದ್ದ ದೇಶ ಅದು. ಇಸ್ರೇಲಿನ ಸ್ಪರ್ಧಾಳುಗಳಿಗೆ ವೀಸಾ ಸಿಗಲಿಲ್ಲ. ಒಲಿಂಪಿಕ್ ಸಮಿತಿ ಆ ದೇಶದಲ್ಲಿ ಕೂಟಗಳನ್ನು ನಡೆಸಬೇಡಿರೆಂದು ಕ್ರೀಡಾ ಒಕ್ಕೂಟಗಳಿಗೆ ಸಲಹೆ ಮಾಡಿತು.