ನೆರೆ ಪರಿಹಾರಕ್ಕೆ ದೇಣಿಗೆ: ಹಣ ಕಳಿಸುವ ಮುನ್ನ ಇಷ್ಟು ನೋಡಿಕೊಳ್ಳಿ

2015ರ ಡಿಸೆಂಬರ್ 2ರ ಬೆಳಗ್ಗೆವರೆಗಿನ 24 ಗಂಟೆಗಳಲ್ಲಿ ಚೆನ್ನೈ ಹೊರವಲಯದ ತಾಂಬರಂನಲ್ಲಿ 49 ಸೆಂ.ಮೀ. ಮಳೆ ಸುರಿಯಿತು. ಅಡಯಾರ್ ನದಿ ಉಕ್ಕಿ ಮುಡಿಚೂರು, ವರದರಾಜಪುರಂ ಬಡಾವಣೆಗಳು ಮುಳುಗಿದವು. ಬೆಂಗಳೂರಿನಿಂದಲೂ ನೆರವು ಹರಿದುಹೋಯಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅದೇ ಭಾಗ ಮತ್ತೆ ಜಲಾವೃತ.

ಇಂಥ ಹೊತ್ತಿನಲ್ಲಿ ವಾಟ್ಸಾಪ್‌ಗೆ ಬರುವ ಕ್ಯೂಆರ್ ಕೋಡ್‌ಗಳಲ್ಲಿ ಅಸಲಿ ಯಾವುದು? 2020ರಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಲ್ಲೇ ನಕಲಿ ಯುಪಿಐ ಐಡಿ ಹುಟ್ಟಿಕೊಂಡಿತ್ತು. ಅಸಲಿಗೂ ಅದಕ್ಕೂ ಇದ್ದ ವ್ಯತ್ಯಾಸ ಇಂಗ್ಲಿಷಿನ 'ಎಸ್' ಎಂಬ ಒಂದೇ ಅಕ್ಷರ! ಪಿನ್ ಒತ್ತುವ ಮೊದಲು ಪರದೆಯಲ್ಲಿ ಕಾಣುವ ಖಾತೆದಾರರ ಹೆಸರು ಓದಿ. ಸಂಸ್ಥೆಯ ಬದಲು ವ್ಯಕ್ತಿಯ ಹೆಸರಿದ್ದರೆ ಅಲ್ಲಿಗೇ ನಿಲ್ಲಿಸಿ.

'ನಮಗೆ 80ಜಿ ಇದೆ' ಎಂದು ಹೇಳುವ ಸಂಸ್ಥೆಗಳು ಬಹಳ. ಅದು ತೆರಿಗೆ ವಿನಾಯಿತಿಯ ನೋಂದಣಿ ಅಷ್ಟೇ, ಒಳ್ಳೆಯ ಕೆಲಸದ ಸರ್ಟಿಫಿಕೇಟ್ ಅಲ್ಲ. ಆದರೂ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿ ನೋಡುವುದು ಕ್ಷೇಮ. 2,000 ರೂ. ಮೀರಿದ ನಗದಿಗೆ, ಅಕ್ಕಿ-ಕಂಬಳಿಯಂಥ ವಸ್ತುಗಳಿಗೆ ಈ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗಂತೂ ಸಿಗುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಬೀದಿಯಲ್ಲಿ ಏನು ಹಂಚಿದ್ದೀರಿ ಎಂದು ಫೋನ್ ಮಾಡಿ ಕೇಳಿ. ಕಳೆದ ವರ್ಷದ ಆಡಿಟ್ ವರದಿಯನ್ನೂ ಕೇಳಬಹುದು. ನಿಜವಾಗಿ ಕೆಲಸ ಮಾಡಿದವರ ಬಳಿ ಉತ್ತರ ಇದ್ದೇ ಇರುತ್ತದೆ. ಹಳೆ ಬಟ್ಟೆ ಕಳಿಸುವವರು ಬೇಕೇ ಎಂದು ವಿಚಾರಿಸಿಯೇ ಮೂಟೆ ಕಟ್ಟಲಿ.