ಅಮೆರಿಕಾದ ಒಕ್ಕಲು ಮನೆಗಳಲ್ಲಿ ಬೆಲೆಪಟ್ಟಿಯ ಹೊತ್ತಗೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯೆಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ವಾಷಿಂಗ್ಟನ್ನನ ಸ್ವಾತಂತ್ರ್ಯಯುದ್ಧ, ಲಿಂಕನ್ನನ ದಾಸ್ಯವಿಮೋಚನೆ, ಮುಗಿಲನ್ನು ಮುಟ್ಟುವ ಸೌಧಗಳು, ಇವೇ ಸ್ಮರಣೆಗೆ ಬರುವುವು. ಆದರೆ ಆ ದೇಶದ ಹಳ್ಳಿಗಾಡಿನಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಳೆದವರು ತಮ್ಮ ಬಾಲ್ಯವನ್ನು ನೆನೆಯುವಾಗ, ಯುದ್ಧವೂ ಸೌಧವೂ ಹಿಂದೆ ಸರಿದು ಒಂದು ಪುಸ್ತಕದ ಪ್ರಸ್ತಾಪವು ಮತ್ತೆ ಮತ್ತೆ ಬರುವುದು. ಅದು ಕಾವ್ಯವಲ್ಲ, ಧರ್ಮಗ್ರಂಥವೂ ಅಲ್ಲ. ಷಿಕಾಗೋ ನಗರದ ವರ್ತಕರು ಅಂಚೆಯ ಮೂಲಕ ಕಳುಹಿಸುತ್ತಿದ್ದ ಸಾಮಾನಿನ ಬೆಲೆಪಟ್ಟಿ. ಬೈಬಲ್ಲನ್ನು ಬಿಟ್ಟರೆ ಅನೇಕ ಒಕ್ಕಲು ಮನೆಗಳಲ್ಲಿ ಇದ್ದ ದೊಡ್ಡ ಪುಸ್ತಕ ಅದೊಂದೇ.

ಆ ನೆನಪುಗಳ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಹೊರಗೆ ಹಿಮ ಸುರಿಯುತ್ತಿರುವುದು. ಒಳಗೆ ಸೌದೆಯ ಒಲೆ ಉರಿಯುತ್ತಿರುವುದು. ಮೇಜಿನ ಮೇಲೆ ಸೀಮೆಎಣ್ಣೆಯ ದೀಪ. 1930ರ ದಶಕದ ನಡುವಿನಲ್ಲಿಯೂ ಆ ದೇಶದ ಬೇಸಾಯದ ಮನೆಗಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ಮಾತ್ರವೇ ವಿದ್ಯುದ್ದೀಪವಿತ್ತೆಂದರೆ ನಮ್ಮಲ್ಲಿ ಅನೇಕರು ನಂಬಲಾರರು. ಆ ದೀಪದ ಸುತ್ತ ಸಂಸಾರವೆಲ್ಲವೂ ಕುಳಿತು ಹಾಳೆಗಳನ್ನು ತಿರುವುವರು. ತಂದೆಯ ಕಣ್ಣು ಕುದುರೆಯ ಸಾಜಿನ ಮೇಲೆ, ತಾಯಿಯದು ಹೊಲಿಗೆಯ ಯಂತ್ರದ ಮೇಲೆ, ಮಕ್ಕಳದು ಬೊಂಬೆಗಳ ಮೇಲೆ. ಕೊಂಡದ್ದಕ್ಕಿಂತ ಕೊಳ್ಳದೆ ನೋಡಿ ಸಂತೋಷಪಟ್ಟದ್ದೇ ಹೆಚ್ಚು. ಹೊಸ ಪಟ್ಟಿ ಬಂದೊಡನೆ ಹಳೆಯದಕ್ಕೆ ಮುಕ್ತಿಯಾಗುತ್ತಿರಲಿಲ್ಲ. ಹೆಣ್ಣುಮಕ್ಕಳು ಅದರ ಚಿತ್ರಗಳನ್ನು ಕತ್ತರಿಸಿ ಕಾಗದದ ಬೊಂಬೆಗಳನ್ನು ಮಾಡುವರು; ಉಳಿದ ಹಾಳೆಗಳು ಹಿತ್ತಲಿನ ಶೌಚದ ಗುಡಿಸಲಿಗೆ ಹೋಗುವುವು. ಪುಸ್ತಕಕ್ಕೆ ಕಾಲು ಸೋಕಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಕಡೆಯ ವಿನಿಯೋಗವನ್ನು ಕೇಳಿದರೆ ಮೈ ಮುದುಡುವುದು. ಅವರಾದರೋ ಅದನ್ನೂ ನಗುನಗುತ್ತಲೇ ನೆನೆಯುತ್ತಾರೆ.

ಈ ಹೊತ್ತಗೆ ಹಳ್ಳಿಯ ಮನೆಯನ್ನು ಸೇರಿದ ಬಗೆ ಹೇಗೆ? 1890ರಲ್ಲಿ ಆ ದೇಶದ ಜನರಲ್ಲಿ ನೂರಕ್ಕೆ 65 ಪಾಲು ಹಳ್ಳಿಗಾಡಿನಲ್ಲಿದ್ದರು. ಪಟ್ಟಣದವರ ಮನೆಬಾಗಿಲಿಗೆ ಅಂಚೆಯವನು ಬರುತ್ತಿದ್ದನು. ಹಳ್ಳಿಯವನು ಮಾತ್ರ ಕಾಗದವುಂಟೋ ಇಲ್ಲವೋ ಎಂದು ತಿಳಿಯಲಿಕ್ಕೇ ಗಾಡಿ ಹೂಡಿಕೊಂಡು ಮೈಲಿಗಟ್ಟಲೆ ಹೋಗಬೇಕಾಗಿತ್ತು. ಅವನ ಮನೆಗೂ ಕಾಗದ ಹೋಗಬೇಕೆಂದು ವಾದಿಸಿದವರಲ್ಲಿ ಮುಖ್ಯನು ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಜಾನ್ ವಾನಮೇಕರ್. ಫಿಲಡೆಲ್ಫಿಯಾದಲ್ಲಿ ದೊಡ್ಡ ಅಂಗಡಿಯನ್ನಿಟ್ಟಿದ್ದ ಈತನೂ ವರ್ತಕನೇ ಎಂಬುದನ್ನು ಮರೆಯಬಾರದು. ಅವನು ಅಧಿಕಾರವನ್ನು ಬಿಟ್ಟ ಮೇಲೆ, 1896ನೆಯ ಇಸವಿ ಅಕ್ಟೋಬರ್ 1ರಂದು, ಪಶ್ಚಿಮ ವರ್ಜೀನಿಯಾದ ಮೂರು ಊರುಗಳಿಂದ ಗ್ರಾಮಾಂತರ ಉಚಿತ ಬಟವಾಡೆಯ ಪ್ರಯೋಗ ಮೊದಲಾಯಿತು. 1902ರಲ್ಲಿ ಅದು ಸ್ಥಿರವಾಯಿತು. ಜನರು ದಾರಿಯ ಬದಿಯಲ್ಲಿ ಕಂಬ ನೆಟ್ಟು, ಕೊಬ್ಬಿನ ಡಬ್ಬಿ, ಸಾಬೂನಿನ ಪೆಟ್ಟಿಗೆ, ಚುಟ್ಟದ ಪೆಟ್ಟಿಗೆ, ಕೈಗೆ ಸಿಕ್ಕಿದ್ದನ್ನು ಅದಕ್ಕೆ ಬಡಿದು ಟಪ್ಪಾಲಿನ ಪೆಟ್ಟಿಗೆಯೆಂದರು. ದಾರಿ ಕೆಟ್ಟಿದ್ದರೆ ಬಟವಾಡೆಯಿಲ್ಲವೆಂದು ಸರಕಾರವು ಹೇಳಿದ್ದರಿಂದ ಸ್ಥಳೀಯ ಆಡಳಿತಗಳು ರಸ್ತೆ ಸೇತುವೆಗಳಿಗೆ ಹಣ ಸುರಿದುವು. ಒಕ್ಕಲಿಗರೂ ಕೈಯಿಂದ ಹಣ ಹಾಕಿ ಜಲ್ಲಿ ಹರಡಿದರು. ಕಾಗದಕ್ಕಾಗಿ ರಸ್ತೆಯಾಯಿತೆಂದರೆ ತಪ್ಪಾಗದು.

ಆ ರಸ್ತೆಯಲ್ಲಿ ಮೊದಲು ಬಂದ ಹೊತ್ತಗೆ ಮಾಂಟ್ಗೊಮರಿ ವಾರ್ಡ್ ಎಂಬವನದು. ಅವನು 1872ರಲ್ಲಿಯೇ ಒಂದೇ ಹಾಳೆಯ ಪಟ್ಟಿಯಿಂದ ಷಿಕಾಗೋವಿನಲ್ಲಿ ವ್ಯಾಪಾರವನ್ನು ಹೂಡಿ, ಒಕ್ಕಲಿಗರ ಸಂಘಗಳಿಗೆ ನೇರಾಗಿ ಸಾಮಾನನ್ನು ಒದಗಿಸುತ್ತಿದ್ದನು. ಅವನ ಪ್ರತಿಸ್ಪರ್ಧಿಯಾಗಿ ಬಂದವನು ರಿಚರ್ಡ್ ಸಿಯರ್ಸ್. ಈತನು ಮಿನೆಸೋಟಾ ಸಂಸ್ಥಾನದ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನ ಏಜೆಂಟನು. 1886ರಲ್ಲಿ ಆ ಊರಿನ ವರ್ತಕನೊಬ್ಬನು ಬೇಡವೆಂದು ತಿರಸ್ಕರಿಸಿದ ಗಡಿಯಾರಗಳ ಪೆಟ್ಟಿಗೆಯನ್ನು ತಾನೇ ತೆಗೆದುಕೊಂಡು, ಬೇರೆ ಸ್ಟೇಷನ್ನುಗಳ ಏಜೆಂಟರಿಗೆ ಮಾರಿ ಲಾಭ ಕಂಡನು. ಗಡಿಯಾರ ರಿಪೇರಿ ಬಲ್ಲ ರೋಬಕ್ ಎಂಬವನು ಜೊತೆಗೂಡಿದನು. ಹೀಗೆ ಹುಟ್ಟಿದ ಸಿಯರ್ಸ್ ರೋಬಕ್ ಕಂಪೆನಿಯ ಪಟ್ಟಿ 1895ರಲ್ಲಿಯೇ 532 ಪುಟಗಳಿಗೆ ಬೆಳೆದಿತ್ತು. ಸಿಯರ್ಸನು ತನ್ನ ಹೊತ್ತಗೆಯನ್ನು ವಾರ್ಡನದಕ್ಕಿಂತ ಉದ್ದಗಲಗಳಲ್ಲಿ ಚಿಕ್ಕದಾಗಿ ಮಾಡಿಸಿದನಂತೆ. ಅಚ್ಚುಕಟ್ಟಿನ ಗೃಹಿಣಿಯು ಪುಸ್ತಕಗಳನ್ನು ಜೋಡಿಸಿಡುವಾಗ ಚಿಕ್ಕದು ತಾನಾಗಿ ಮೇಲೆ ಬರುವುದೆಂಬುದು ಅವನ ಲೆಕ್ಕ. ಇಂತಹ ಬುದ್ಧಿಯವನು ರೈಲ್ವೆಯಲ್ಲಿ ಉಳಿಯದೆ ಹೋದುದು ಆಶ್ಚರ್ಯವಲ್ಲ.

ಅಮರಕೋಶದ ವರ್ಗಗಳನ್ನು ಬಾಯಿಪಾಠ ಮಾಡಿ ಬೆಳೆದ ನನ್ನಂಥವರಿಗೆ ಈ ಹೊತ್ತಗೆಯ ರಚನೆ ಅಷ್ಟೇನೂ ಅಪರಿಚಿತವೆನಿಸದು. ಉಳುವ ಸಾಧನಗಳ ವರ್ಗ, ವಸ್ತ್ರವರ್ಗ, ವಾದ್ಯವರ್ಗ, ಔಷಧವರ್ಗ, ಕಡೆಗೆ ಸಮಾಧಿಯ ಕಲ್ಲುಗಳ ವರ್ಗವೂ ಉಂಟು. ಭೇದವಿಷ್ಟೇ: ಅಮರಸಿಂಹನು ಪದಾರ್ಥಗಳ ಹೆಸರುಗಳನ್ನು ಹೇಳಿದನು, ಸಿಯರ್ಸನು ಹೆಸರಿನೊಡನೆ ಬೆಲೆಯನ್ನೂ ಹೇಳಿದನು. ಔಷಧವರ್ಗದಲ್ಲಿ ಮೋಸವೂ ಇರದೆ ಇರಲಿಲ್ಲ. ನಡುವಿಗೆ ಕಟ್ಟಿಕೊಂಡರೆ ಕಳೆದ ಪುರುಷಶಕ್ತಿ ಮರಳಿ ಬರುವುದೆಂಬ ವಿದ್ಯುತ್ತಿನ ಪಟ್ಟಿಯನ್ನು ಸಹ ಮೊದಲಿನ ವರ್ಷಗಳಲ್ಲಿ ಮಾರಿದರು. ಆದರೂ ಪಟ್ಟಿಯ ಒಂದು ಗುಣವನ್ನು ಮೆಚ್ಚಲೇಬೇಕು. ಅಕ್ಷರ ದುಂಡಾಗಿಲ್ಲವೆಂದು ನಾಚಬೇಡಿರಿ, ಯಾವ ಕಾಗದದ ಮೇಲಾದರೂ ಯಾವ ಭಾಷೆಯಲ್ಲಾದರೂ ಬರೆಯಿರಿ, ನಮ್ಮಲ್ಲಿ ಓದಿಸಿಕೊಳ್ಳುತ್ತೇವೆ ಎಂಬ ಅಭಯವನ್ನು ಅದು ಕೊಡುತ್ತಿತ್ತು. ಸ್ವೀಡನ್ನಿನಿಂದಲೂ ಜರ್ಮನಿಯಿಂದಲೂ ಬಂದು ನೆಲೆಸಿ, ಇಂಗ್ಲಿಷು ನಾಲಗೆಗೆ ತಿರುಗದ ಒಕ್ಕಲಿಗರಿಗೆ ಈ ಮಾತಿನ ಬೆಲೆ ಗೊತ್ತಿತ್ತು.

ಬೇರೆ ಪುಸ್ತಕಗಳಿಲ್ಲದ ಒಂದೇ ಕೊಠಡಿಯ ಹಳ್ಳಿಶಾಲೆಗಳಲ್ಲಿ ಇದೇ ಪಠ್ಯವೂ ಆಯಿತು. ಮಕ್ಕಳು ಚಿತ್ರ ನೋಡಿ ಹೆಸರನ್ನು ಓದಿದರು. ಸಾಮಾನು ತರಿಸುವ ನಮೂನೆಯನ್ನು ತುಂಬಿ ಬೆಲೆಗಳನ್ನು ಕೂಡಿ ಲೆಕ್ಕ ಕಲಿತರು. ಅಂಚೆಯ ವಲಯಗಳ ನಕಾಶೆಯಿಂದ ಭೂಗೋಳ ಕಲಿತರು. ಹಲವು ವರ್ಷ ಹಲಗೆ ಬಳಪ ಹಿಡಿದ ನನಗೆ ಆ ಉಪಾಧ್ಯಾಯರ ಯುಕ್ತಿಯನ್ನು ಕಂಡು ಅಸೂಯೆಯಾಗುವುದುಂಟು. ಮಾವಿನಹಣ್ಣಿನ ಲೆಕ್ಕಕ್ಕೆ ಕಿವಿಗೊಡದ ಹುಡುಗನು ತನಗೆ ಬೇಕಾದ ಬಂಡಿಯ ಬೆಲೆಯನ್ನು ಕೂಡಲು ತಡಮಾಡುವನೇ?

1913ರ ಜನವರಿ 1ರಂದು ಪಾರ್ಸೆಲ್ ಪೋಸ್ಟು ಪ್ರಾರಂಭವಾಯಿತು. ಅಲ್ಲಿಯವರೆಗೆ ಅಂಚೆಯಲ್ಲಿ 4 ಪೌಂಡಿಗಿಂತ ಭಾರವಾದ ಸಾಮಾನನ್ನು ಕಳುಹಿಸುವಂತಿರಲಿಲ್ಲ. ಖಾಸಗಿ ಸಾಗಣೆಯ ಕಂಪೆನಿಗಳು ಕೇಳಿದಷ್ಟು ಕೊಡಬೇಕಾಗಿತ್ತು. ಮೊದಲು 11 ಪೌಂಡು, ಬೇಗನೆ ಅದಕ್ಕಿಂತಲೂ ಹೆಚ್ಚು ಭಾರಕ್ಕೆ ಅಪ್ಪಣೆಯಾದೊಡನೆ, ಆರೇ ತಿಂಗಳಲ್ಲಿ ಸುಮಾರು 30 ಕೋಟಿ ಗಂಟುಗಳು ಸಾಗಿದುವು. ಜನರ ಉತ್ಸಾಹಕ್ಕೆ ಮಿತಿಯಿರಲಿಲ್ಲ. 1914ರ ಫೆಬ್ರವರಿಯಲ್ಲಿ ಐಡಾಹೋ ಸಂಸ್ಥಾನದ ದಂಪತಿಗಳು ಐದು ವರ್ಷದ ಮಗಳನ್ನು ಅಜ್ಜಿಯ ಊರಿಗೆ ಕಳುಹಿಸಬೇಕಾಗಿ ಬಂದು, ಅವಳ ಮೇಲಂಗಿಗೆ 53 ಸೆಂಟಿನ ಅಂಚೆಯ ಚೀಟಿಗಳನ್ನು ಅಂಟಿಸಿ ಪಾರ್ಸೆಲ್ ಮಾಡಿದರು. ಮಗು ರೈಲಿನ ಟಪ್ಪಾಲು ಡಬ್ಬಿಯಲ್ಲಿ ಸುಖವಾಗಿ ಹೋಗಿ ಅಜ್ಜಿಯ ಮನೆಯನ್ನು ಸೇರಿತು. 1916ರಲ್ಲಿ ಯೂಟಾ ಸಂಸ್ಥಾನದ ವರ್ನಲ್ ಎಂಬ ಊರಿನ ಬ್ಯಾಂಕಿನ ಕಟ್ಟಡಕ್ಕೆ ಇಟ್ಟಿಗೆಗಳೆಲ್ಲವೂ ಪಾರ್ಸೆಲ್ಲಿನಲ್ಲಿಯೇ ಬಂದುವು, ಗಾಡಿಯ ಬಾಡಿಗೆಗಿಂತ ಅಂಚೆ ಅಗ್ಗವೆಂದು! ಸಿಯರ್ಸ್ ಕಂಪೆನಿಗೆ ಹಿಂದಿನ ವರ್ಷಕ್ಕಿಂತ ಐದರಷ್ಟು ಬೇಡಿಕೆಗಳು ಬಂದುವೆಂದು ಅಂಚೆಯ ಚರಿತ್ರಕಾರರು ಬರೆದಿದ್ದಾರೆ. ಆ ಕಂಪೆನಿ 1908ರಿಂದ 1940ರವರೆಗೆ ಮನೆಗಳನ್ನೇ ಮಾರಿತು. ಕತ್ತರಿಸಿ ಅಂಕಿ ಹಾಕಿದ ಮರ, ಮೊಳೆ, ಬಣ್ಣ, ಕಟ್ಟುವ ಕ್ರಮದ ಪುಸ್ತಕ, ಎಲ್ಲವೂ ರೈಲಿನಲ್ಲಿ ಬರುವುವು. ಇಂತಹ ಮನೆಗಳು ಸುಮಾರು 70,000 ಎದ್ದುವು. ಅವುಗಳಲ್ಲಿ ಎಷ್ಟೋ ಈಗಲೂ ನಿಂತಿವೆ.

ಇಷ್ಟೇ ಆಗಿದ್ದರೆ ಇದು ಸಿಹಿಯಾದ ಕಥೆ. ಆದರೆ ಈ ನೆನಪುಗಳನ್ನು ಊರಿನ ಅಂಗಡಿಯವನ ಕಡೆಯಿಂದಲೂ ಕೇಳಬೇಕು. ಬೆಳೆ ಕೆಟ್ಟ ವರ್ಷ ಉದ್ರಿ ಕೊಟ್ಟವನು ಅವನು. ಮಗುವಿಗೆ ಜ್ವರವೆಂದರೆ ರಾತ್ರಿಯಲ್ಲಿ ಬಾಗಿಲು ತೆರೆದವನು ಅವನು. ಕೈಯಲ್ಲಿ ರೊಕ್ಕವಿದ್ದಾಗ ಷಿಕಾಗೋ, ಇಲ್ಲದಾಗ ನಾನೋ ಎಂದು ಅವನು ಕೇಳಿದುದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಕೆಲವು ಊರುಗಳಲ್ಲಿ ವರ್ತಕರು ಸೇರಿ, ಮನೆಯಿಂದ ಬೆಲೆಪಟ್ಟಿಯನ್ನು ತಂದುಕೊಟ್ಟ ಮಕ್ಕಳಿಗೆ ಸಿನಿಮಾದ ಟಿಕೆಟ್ಟು ಕೊಟ್ಟು, ಆ ಹೊತ್ತಗೆಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ನೆರೆಯವರ ಕಣ್ಣಿಗೆ ಬೀಳಬಾರದೆಂದು ಹೆಸರಿಲ್ಲದ ಹೊದಿಕೆಯಲ್ಲಿ ಸಾಮಾನನ್ನು ಕಳುಹಿಸುವ ಏರ್ಪಾಡನ್ನೂ ಕಂಪೆನಿಗಳು ಮಾಡಬೇಕಾಯಿತು. ಮುಖ ಬಲ್ಲವನ ವ್ಯಾಪಾರಕ್ಕೂ ಮುಖ ಕಾಣದವನ ವ್ಯಾಪಾರಕ್ಕೂ ನಡೆದ ಜಗಳವಿದು. ಅಮೆರಿಕಾದ ಉತ್ತರದ ಹಳ್ಳಿಯೊಂದರಲ್ಲಿ ನಿಂತು ನೋಡಿದರೆ ನನ್ನ ಮನಸ್ಸು ಅಂಗಡಿಯವನ ಕಡೆಗೇ ವಾಲುವುದು.

ದಕ್ಷಿಣದ ಸಂಸ್ಥಾನಗಳಲ್ಲಿ ನಿಂತರೆ ಹಾಗಲ್ಲ. ಅಲ್ಲಿ ದಾಸ್ಯವು ಕಾನೂನಿನಿಂದ ತೊಲಗಿದ್ದರೂ ಕಪ್ಪು ಜನರು ಬಿಳಿಯ ಜಮೀನುದಾರರ ಹತ್ತಿಯ ಹೊಲಗಳನ್ನು ಕೋರುಪಾಲಿಗೆ ಉಳುತ್ತಿದ್ದರು. ಬೆಳೆ ಬರುವವರೆಗೆ ಹಿಟ್ಟು ಬಟ್ಟೆಗಳನ್ನು ಊರಿನ ಅಂಗಡಿಯಲ್ಲಿ ಉದ್ರಿ ತರಬೇಕು; ಆ ಅಂಗಡಿ ಎಷ್ಟೋ ಕಡೆ ಜಮೀನುದಾರನದೇ. ಲೆಕ್ಕ ಬರೆಯುವವನು ಅವನು, ಬಡ್ಡಿ ಹಾಕುವವನು ಅವನು, ಹತ್ತಿಯ ತೂಕ ಹಿಡಿಯುವವನೂ ಅವನೇ. ಬಿಳಿಯ ಗಿರಾಕಿಗಳಿಗೆಲ್ಲ ಕೊಟ್ಟು ಮುಗಿಯುವವರೆಗೆ ಕಪ್ಪು ಮನುಷ್ಯನು ನಿಂತು ಕಾಯಬೇಕು. ಅನೇಕ ಕಡೆ ಟೋಪಿಯನ್ನೋ ಅಂಗಿಯನ್ನೋ ತೊಟ್ಟು ನೋಡುವ ಹಕ್ಕೂ ಅವನಿಗಿಲ್ಲ. ಇಲ್ಲಿ ಮುಖವನ್ನು ಬಲ್ಲ ಅಂಗಡಿಯವನೇ ಕಂಟಕ. ಷಿಕಾಗೋವಿನ ಹೊತ್ತಗೆಗೆ ಕಣ್ಣಿರಲಿಲ್ಲ. ಅದರಲ್ಲಿ ಅಚ್ಚಾದ ಬೆಲೆ ಬಿಳಿಯನಿಗೂ ಕರಿಯನಿಗೂ ಒಂದೇ. ಕಳುಹಿಸುವ ಸಾಮಾನೂ ಒಂದೇ. ಊರಿನ ಅಂಚೆಯ ಕಚೇರಿ ಅಂಗಡಿಯಲ್ಲಿಯೇ ಇದ್ದು, ಅಲ್ಲಿ ಮನಿಆರ್ಡರು ಮಾಡಿಸಲು ಹೋದರೆ ತೊಂದರೆಯುಂಟು. ಅದಕ್ಕಾಗಿ ಹಣವನ್ನೂ ಕಾಗದವನ್ನೂ ಬಟವಾಡೆಯವನ ಕೈಗೇ ಕೊಟ್ಟರೆ ಸಾಕೆಂದು ಪಟ್ಟಿಯಲ್ಲಿ ಸೂಚನೆಯಿರುತ್ತಿತ್ತು. ದಕ್ಷಿಣದ ವರ್ತಕರು ಸಿಟ್ಟಿಗೆದ್ದು, ಸಿಯರ್ಸ್ ಮತ್ತು ರೋಬಕ್ ಇಬ್ಬರೂ ಕಪ್ಪು ಮನುಷ್ಯರೆಂದು ಸುದ್ದಿ ಹಬ್ಬಿಸಿದರೆಂದು ಹೇಳುವರು. ಬಿಳಿಯರು ಕೊಳ್ಳುವುದನ್ನು ನಿಲ್ಲಿಸಲು ಅಷ್ಟೇ ಸಾಕೆಂಬ ಅವರ ನಂಬಿಕೆಯೇ ಆ ಕಾಲದ ಸ್ಥಿತಿಯನ್ನು ತಿಳಿಸುವುದು. ಮಿಸಿಸಿಪಿಯ ಹತ್ತಿಯ ಸೀಮೆಯ ಕಪ್ಪು ಗಾಯಕರಿಗೆ ಅಗ್ಗದ ಗಿಟಾರುಗಳು ದೊರೆತುದೂ ಇಂತಹ ಪಟ್ಟಿಗಳಿಂದಲೇ. ಆ ಸೀಮೆಯ ಹಾಡು ಮುಂದೆ ಲೋಕವನ್ನೆಲ್ಲ ಸುತ್ತಿತು.

ಈ ಕಂಪೆನಿಯ ಹಣದ ಒಂದು ಪಾಲು ಬೇರೊಂದು ದಾರಿಯಲ್ಲಿಯೂ ದಕ್ಷಿಣಕ್ಕೆ ಬಂದಿತು. 1895ರಲ್ಲಿ ಪಾಲುದಾರನಾಗಿ ಸೇರಿ 1908ರಲ್ಲಿ ಕಂಪೆನಿಯ ಅಧ್ಯಕ್ಷನಾದ ಜೂಲಿಯಸ್ ರೋಸೆನ್‌ವಾಲ್ಡ್ ಎಂಬಾತನು ಯಹೂದಿ ವಲಸೆಗಾರನ ಮಗನು. ಸಾಧುಪುರುಷನೆಂದು ಇವನನ್ನು ಹೊಗಳಿಬಿಡಲು ಆಗದು. ಕಂಪೆನಿಯ ಹೆಣ್ಣು ಕೆಲಸಗಾರರ ಸಂಬಳ ತೀರ ಅಲ್ಪವೆಂಬ ವಿಷಯದಲ್ಲಿ 1913ರಲ್ಲಿ ಇಲಿನಾಯ್ ಸಂಸ್ಥಾನದ ವಿಚಾರಣಾ ಸಮಿತಿಯು ಇವನನ್ನು ಕರೆಯಿಸಿ ಪ್ರಶ್ನಿಸಿತ್ತು. ಅದರ ಹಿಂದಿನ ವರ್ಷ, ತನ್ನ ಐವತ್ತನೆಯ ಹುಟ್ಟುಹಬ್ಬದಂದು, ಟಸ್ಕೀಗಿ ವಿದ್ಯಾಸಂಸ್ಥೆಯ ಬೂಕರ್ ಟಿ. ವಾಷಿಂಗ್ಟನ್ನನಿಗೆ ಇವನು 25,000 ಡಾಲರುಗಳನ್ನು ಕೊಟ್ಟಿದ್ದನು. ದಾಸಿಯ ಹೊಟ್ಟೆಯಲ್ಲಿ ಹುಟ್ಟಿ ಮಹೋಪಾಧ್ಯಾಯನಾದ ವಾಷಿಂಗ್ಟನ್ನನು, ಅದರಲ್ಲಿ ಉಳಿದ ಸ್ವಲ್ಪ ಹಣದಿಂದ ಹಳ್ಳಿಯ ಕಪ್ಪು ಮಕ್ಕಳಿಗೆ ಆರು ಶಾಲೆಗಳನ್ನು ಕಟ್ಟಿಸಲು ಅಪ್ಪಣೆ ಕೇಳಿದನು. ಆ ಆರು, 1932ರ ವೇಳೆಗೆ 15 ಸಂಸ್ಥಾನಗಳಲ್ಲಿ ಸುಮಾರು 5,000 ಆದುವು. ಊರಿನವರೂ ತಮ್ಮ ಪಾಲನ್ನು ಹಾಕಬೇಕೆಂಬುದು ನಿಯಮ. ಕೋರುಪಾಲಿನ ಒಕ್ಕಲುಗಳು ಕೋಳಿಗಳನ್ನು ಮಾರಿ, ಹತ್ತಿಯ ಒಂದೊಂದು ಸಾಲನ್ನು ಶಾಲೆಗೆಂದು ಬಿಟ್ಟು, ಮರ ಕಡಿದು ತಂದು ಕೂಡಿಸಿದ ಮೊತ್ತವು ಕಡೆಗೆ ರೋಸೆನ್‌ವಾಲ್ಡನು ಕೊಟ್ಟುದನ್ನೇ ಮೀರಿತು. ಈ ಶಾಲೆಗಳಿಗೆ ಅವನ ಹೆಸರು ನಿಂತಿರುವುದು. ಕೋಳಿ ಮಾರಿದವರ ಹೆಸರುಗಳು ಬಹುಪಾಲು ಉಳಿದಿಲ್ಲ.

ಕವಯಿತ್ರಿ ಮಾಯಾ ಏಂಜೆಲೋ, ಮುಂದೆ ಶಾಸನಸಭೆಯ ಸದಸ್ಯರಾದ ಜಾನ್ ಲೂಯಿಸ್ ಮೊದಲಾದವರು ಅಕ್ಷರ ಕಲಿತುದು ಇಂತಹ ಶಾಲೆಗಳಲ್ಲಿ. 1954ರಲ್ಲಿ ಕಪ್ಪು ಮಕ್ಕಳಿಗೆ ಪ್ರತ್ಯೇಕ ಶಾಲೆ ಕೂಡದೆಂದು ಅಲ್ಲಿನ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತ ಮೇಲೆ ಅವು ಒಂದೊಂದಾಗಿ ಮುಚ್ಚಿದುವು. ಹುಲ್ಲು ತುಂಬುವ ಕೊಟ್ಟಿಗೆಗಳಾದುವೂ ಉಂಟು. ಬೆಲೆಪಟ್ಟಿಯ ಕಥೆಯೂ ಮುಗಿಯಿತು. ಮೋಟಾರು ಬಂದು ಒಕ್ಕಲಿಗನು ತಾನೇ ಪಟ್ಟಣಕ್ಕೆ ಹೋಗತೊಡಗಿದ್ದರಿಂದ ಕಂಪೆನಿ 1925ರಲ್ಲಿಯೇ ಅಂಗಡಿಗಳನ್ನು ತೆರೆಯಿತು. 1993ರಲ್ಲಿ ದೊಡ್ಡ ಹೊತ್ತಗೆಯನ್ನು ನಿಲ್ಲಿಸಿತು. 2018ರಲ್ಲಿ ದಿವಾಳಿಯೆಂದು ಅರ್ಜಿ ಹಾಕಿತು. ಶಾಲೆಗಳಲ್ಲಿ ಸುಮಾರು 500 ಉಳಿದಿವೆಯೆಂದು ಎಣಿಸಿದ್ದಾರೆ. ಕೆಲವನ್ನು ಅಲ್ಲಿ ಓದಿದವರೇ ಹಣ ಕೂಡಿಸಿ ದುರಸ್ತಿ ಮಾಡಿಸುತ್ತಿದ್ದಾರೆ. ದೂರದಿಂದಲೇ ಅವುಗಳ ಗುರುತು ಹತ್ತುವುದು ಕಿಟಕಿಗಳಿಂದ. ಆ ಹಳ್ಳಿಗಳಿಗೆ ವಿದ್ಯುತ್ತು ಬಂದಿರಲಿಲ್ಲವಾದ್ದರಿಂದ, ಮಕ್ಕಳ ಪುಸ್ತಕದ ಮೇಲೆ ಸೂರ್ಯನ ಬೆಳಕು ಬೀಳಲೆಂದು, ಪೂರ್ವ ಪಶ್ಚಿಮಗಳ ಗೋಡೆಗಳಲ್ಲಿ ಎತ್ತರವಾದ ಕಿಟಕಿಗಳನ್ನು ಒಂದರ ಪಕ್ಕಕ್ಕೊಂದು ಸಾಲಾಗಿ ಇಟ್ಟು ಕಟ್ಟಿದ್ದಾರೆ.