ಹೆನ್ರಿಯೆಟಾ ಅವರನ್ನು ಯಾರೂ ಕೇಳಲಿಲ್ಲ

ಜೀವಕೋಶದ ಪಾಠ ಓದುವ ಹೈಸ್ಕೂಲು ಮಕ್ಕಳಿಗೆ ನಾವು ತಪ್ಪದೆ ಹೇಳುವ ಕಥೆಯೊಂದಿದೆ.

ಹೆನ್ರಿಯೆಟಾ ಲ್ಯಾಕ್ಸ್ ಅಮೆರಿಕದ ವರ್ಜೀನಿಯಾದ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬೆಳೆದ ಕಪ್ಪು ಜನಾಂಗದ ಹೆಣ್ಣುಮಗಳು. ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್ ಎಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿದರು. ಚಿಕಿತ್ಸೆಯ ವೇಳೆ ವೈದ್ಯರು ಗಡ್ಡೆಯ ಚೂರೊಂದನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಅವರನ್ನು ಕೇಳಲಿಲ್ಲ. ಆಗ ಕೇಳುವ ರೂಢಿಯೂ ಇರಲಿಲ್ಲ.

ಅಲ್ಲಿಯವರೆಗೆ ಮನುಷ್ಯರ ಜೀವಕೋಶಗಳು ಪ್ರಯೋಗಾಲಯದಲ್ಲಿ ಬಹುಕಾಲ ಉಳಿಯುತ್ತಿರಲಿಲ್ಲ. ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಇವು ಮಾತ್ರ ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಲೇ ಹೋದವು. ಹೆನ್ರಿಯೆಟಾ ಹೆಸರಿನಿಂದಲೇ ಅವಕ್ಕೆ ‘ಹೀಲಾ’ ಎಂಬ ಹೆಸರು ಬಂತು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವು ನೆರವಾದವು. ಕಂಪನಿಗಳು ಅವನ್ನು ಮಾರಿ ಹಣ ಮಾಡಿದವು.

ಹೆನ್ರಿಯೆಟಾ ಅದೇ ವರ್ಷ ಅಕ್ಟೋಬರ್‌ನಲ್ಲಿ, 31ನೇ ವಯಸ್ಸಿಗೆ ತೀರಿಕೊಂಡರು. ಮನೆಯವರಿಗೆ ವಿಷಯ ತಿಳಿದದ್ದು 20 ವರ್ಷ ಕಳೆದ ಮೇಲೆ. ಅವರ ವಂಶವಾಹಿ ಮಾಹಿತಿಯನ್ನು ಸಂಶೋಧನೆಗೆ ಕೊಡುವಾಗ ಕುಟುಂಬದವರ ಮಾತಿಗೂ ಜಾಗ ಸಿಕ್ಕಿದ್ದು 2013ರಲ್ಲಿ.

“ಅಷ್ಟು ಜನಕ್ಕೆ ಒಳ್ಳೆಯದಾಯಿತಲ್ಲ, ಕೇಳದಿದ್ದರೆ ಏನಂತೆ?” ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯದಾದದ್ದು ನಿಜ. ಆದರೆ ಪಕ್ಕದ ಹೊಲದ ಬಿತ್ತನೆ ಬೀಜವನ್ನೂ ನಾವು ಕೇಳದೆ ತರುವುದಿಲ್ಲ. ಮೈಯ ಚೂರಿಗೆ ಅಷ್ಟೂ ಬೆಲೆ ಬೇಡವೇ?

ಆಸ್ಪತ್ರೆಯಲ್ಲಿ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿ ಎಂದರೆ, ಮೊದಲು ಓದಿ ಹೇಳಿ ಎನ್ನೋಣ. ಕೇಳಿಸಿಕೊಳ್ಳುವುದು ನಮ್ಮ ಹಕ್ಕು.